ಕೋರೆಗೆ ಬಳಿದ ಹಸಿರು

ಮಣಿಪಾಲದ ಡಾಕ್ಟರು ನನ್ನ ಹೆಂಡತಿಯ ಹೃದಯಕ್ಕೆ ಸ್ಟೆಂಟ್ ಹಾಕಿ, "ದಿನಾ ನಡೀಬೇಕಮ್ಮ. ಬಿಟ್ಟರೆ ಮತ್ತೆ ಇಲ್ಲಿಗೇ ಬರ್ತೀರಿ" ಎಂದು ಕಳಿಸಿದರು. ಎಲ್ಲಿ ನಡೆಯಬೇಕೆಂದು ಹೇಳಲಿಲ್ಲ. ನಮ್ಮೂರು ಕಾಪುವಿನ ಹೆದ್ದಾರಿ ಬದಿಯಲ್ಲಿ ಬಸ್ಸಿನವರು ಬಿಟ್ಟ ಜಾಗ ಸ್ಕೂಟರಿನವರಿಗೆ, ಅವರೂ ಬಿಟ್ಟದ್ದು ಚರಂಡಿಗೆ. ನಾಲ್ಕನೇ ದಿನವೇ ಒಂದು ರಿಕ್ಷಾ ಅವಳ ಮೊಣಕೈ ಸವರಿಕೊಂಡು ಹೋಯಿತು.

"ನಮ್ಮ ಲೇಔಟಿಗೆ ಪಾರ್ಕ್ ಉಂಟಲ್ವಾ? ನಕ್ಷೆ ಮಾಡಿದ್ದು ನೀವೇ ಅಲ್ವಾ?" ಎಂದಳು, ಗಾಯಕ್ಕೆ ಅರಸಿನ ಒತ್ತುತ್ತಾ.

ನಾನೇ. ಉಡುಪಿ, ಕಾರ್ಕಳ ಎಂದು ಸುತ್ತಿ ಲೇಔಟ್ ನಕ್ಷೆ ಬರೆದೇ ಹೊಟ್ಟೆ ಹೊರೆದವನು. ಅಂಥದ್ದೊಂದು ಲೇಔಟಿನಲ್ಲೇ ಮನೆಯನ್ನೂ ಕಟ್ಟಿಕೊಂಡವನು. ಉದ್ಯಾನಕ್ಕೆ ಜಾಗ ಬಿಡಲೇಬೇಕು ಎನ್ನುತ್ತದೆ ಕಾನೂನು. ಎಂಥ ಜಾಗ ಎಂದು ಯಾರೂ ಬಂದು ನೋಡುವುದಿಲ್ಲ ಎನ್ನುತ್ತದೆ ಅನುಭವ. ಹಾಗಾಗಿ ನಮ್ಮ ಕಸುಬಿನಲ್ಲಿ ಮನೆ ಕಟ್ಟಲಾಗದ ಜಾಗ ಯಾವುದೋ ಅದೇ ಪಾರ್ಕ್. ಕೆಂಪುಕಲ್ಲು ಕಡಿದು ತೆಗೆದ ಹೊಂಡ, ಅಂದರೆ ಕೋರೆ, ಸಿಕ್ಕಿದರಂತೂ ನಮ್ಮ ಭಾಗ್ಯ! ನಕ್ಷೆಯಲ್ಲಿ ಅದಕ್ಕೆ ಹಸಿರು ಬಳಿದು, ನಾಲ್ಕು ಮರ ನಿಲ್ಲಿಸಿ, ಸುತ್ತ ಚಂದದ ಕಾಲುದಾರಿ ಎಳೆದು ಕೈತೊಳೆದುಕೊಳ್ಳುತ್ತಿದ್ದೆ. ಮಾಡಿದ್ದುಣ್ಣೋ ಮಹರಾಯ ಅಂತಾರಲ್ಲ, ಈಗ ನನಗೇ ಎಲೆ ಹಾಕಿ ಬಡಿಸಿದ ಹಾಗಾಯಿತು.

ಕರೆದುಕೊಂಡು ಹೋಗಿ ತೋರಿಸಿದೆ. ಕೋರೆ ತುಂಬ ನೀರು. ಒಂದು ಎಮ್ಮೆ ಆರಾಮಾಗಿ ಮುಳುಗಿತ್ತು.

"ಎಂತ ಮಾರಾಯ್ರೇ, ನಾನು ಇಲ್ಲಿ ಈಜಬೇಕಾ?" ಎಂದು ನಕ್ಕಳು. ಮತ್ತೆ ನಗು ನಿಲ್ಲಿಸಿ, "ನಿಮಗೆ ನಾಚಿಕೆ ಉಂಟಾ?" ಎಂದಳು. ಈ ಪಾರ್ಕಿನ ವಿಷಯದಲ್ಲಿ ನನಗೆ ನಾಚಿಕೆಯಾದದ್ದು ಅದೇ ಮೊದಲು.

ಮರುದಿನ ಅವಳೇ ನನ್ನನ್ನು ಲೇಔಟ್ ನಕ್ಷೆ ಮಂಜೂರು ಮಾಡುವ ಕಚೇರಿಗೆ ಎಳೆದುಕೊಂಡು ಹೋದಳು. ನಮ್ಮ ಮಗಳ ಪ್ರಾಯದ ಅಧಿಕಾರಿ ನಕ್ಷೆ ಹರಡಿ ಖುಷಿಯಾದರು. "ಪಾರ್ಕ್ ಉಂಟಲ್ಲ ಆಂಟಿ! ವಾಕಿಂಗಿಗೆ ದಾರಿಯೂ ಉಂಟು. ಇಲ್ಲ ಅಂತ ಯಾರು ಹೇಳಿದ್ದು?"

ಕಾಗದ ಸರಿ ಇದ್ದರೆ ಊರೂ ಸರಿ ಇದ್ದ ಹಾಗೆ! ಹೆಂಡತಿ ನನ್ನ ಮುಖ ನೋಡಿದಳು. ಮೆಟ್ಟಿಲು ಹತ್ತಿದ ಏದುಸಿರು ಅವಳಿಗಿನ್ನೂ ಇಳಿದಿರಲಿಲ್ಲ. ನನಗೆ ಹೆದರಿಕೆಯಾಯಿತು, ಕಾನೂನಿಗಲ್ಲ, ಆ ಉಸಿರಿಗೆ.

"ಅದು ಪಾರ್ಕ್ ಅಲ್ಲ, ಕೋರೆ," ಎಂದೆ. "ಗೊತ್ತಿದ್ದೇ ಹಾಗೆ ಬರೆದದ್ದು ನಾನು."

ಅಧಿಕಾರಿಯ ನಗು ಹೋಯಿತು. "ಹಾಗಂತ ಬರೆದು ಕೊಡ್ತೀರಾ ಸರ್? ಕೇಸು ನಿಮ್ಮ ಮೇಲೆಯೇ ಬರ್ತದೆ."

ನಾನು ಪೆನ್ನು ಕೇಳಿದೆ. ಹೆಂಡತಿ ಪಕ್ಕದ ಕುರ್ಚಿಯಲ್ಲಿ ಕೂತು, "ಅಕ್ಷರ ಚಂದ ಮಾಡಿ ಬರೀರಿ" ಎಂದಳು.