ಬಾಸ್ ತಟ್ಟಿದ ಚಪ್ಪಾಳೆ

ಚಳಿ ಶುರುವಾಯಿತೆಂದು ನಿನ್ನೆ ಕೋಟು ತೆಗೆದು ಕೊಡವಿದರೆ ಜೇಬಿನಿಂದ ಬೆರಳುದ್ದದ ಪೆನ್ಸಿಲೊಂದು ಬಿತ್ತು. ರೂಮ್‌ಮೇಟ್ ಸ್ನೇಹಾ ಎತ್ತಿಕೊಂಡು, "ಥಿಯೇಟರ್ ಪೆನ್ಸಿಲ್ ಎತ್ಕೊಂಡ್ ಬಂದಿದೀಯಲ್ಲೇ, ಮಾನ ತೆಗೀತೀಯ ಕಣೇ ನೀನು" ಎಂದಳು. ಕದ್ದದ್ದಲ್ಲ, ಬರೆಯಲಾಗದೆ ಕೈಯಲ್ಲೇ ಉಳಿದದ್ದು. ಇಲ್ಲಿ ಜಪಾನಿನಲ್ಲಿ ನಾಟಕ ಮುಗಿದ ಮೇಲೆ ಹೇಗನಿಸಿತೆಂದು ಬರೆದುಕೊಡಲು ಒಂದು ಹಾಳೆ, ಇಂಥದೊಂದು ಪೆನ್ಸಿಲ್ ಕೊಡುತ್ತಾರೆ. ಅಭಿಪ್ರಾಯಕ್ಕೆ ನನ್ನಲ್ಲಿ ಎಂದೂ ಬರವಿಲ್ಲ. ಐದು ನಿಮಿಷ ಜೊತೆಗೆ ಕೂತರೆ ನಿಮಗೂ ಗೊತ್ತಾದೀತು.

ಮೈಸೂರಿನ ಕಾಲೇಜಿನಲ್ಲಿ ನಾನು ಗೆದ್ದ ಚರ್ಚಾಸ್ಪರ್ಧೆಯ ವಿಷಯ, ರಾಜಕೀಯ ನಾಟಕ ಏನನ್ನೂ ಬದಲಿಸುವುದಿಲ್ಲ ಎಂಬುದು. ಅದರ ಪರ ನಿಂತ ನಾನು ಸಾಕ್ಷಿಗೆ ಎಳೆದು ತಂದದ್ದು ಒಬ್ಬ ಬ್ರಿಟಿಷ್ ನಾಟಕಕಾರನ ಬದುಕನ್ನು. ಹರೆಯದಲ್ಲಿ ಕಾರ್ಖಾನೆ ಗೇಟಿನೆದುರು ಲಾರಿಯ ಮೇಲೆ ನಾಟಕ ಆಡಿಸಿ ಮಂತ್ರಿಗಳನ್ನು ಬೈದ. ನಡುವಯಸ್ಸಿಗೆ ಅದೇ ಬೈಗುಳವನ್ನು ಮೆತ್ತನೆ ಕುರ್ಚಿಗಳ ರಂಗಮಂದಿರಕ್ಕೆ ಒಯ್ದ. ಮುಪ್ಪಿನಲ್ಲಿ ಅರಮನೆಯ ಬಿರುದು ತಗೊಂಡ. ಇಷ್ಟೆಲ್ಲ ನಾಟಕದಿಂದ ಬದಲಾದದ್ದು ಅವನ ವಿಳಾಸ ಮಾತ್ರ ಎಂದೆ. ಸಭೆ ಚಪ್ಪಾಳೆ ತಟ್ಟಿತು. ಆ ಒಂದು ವಾಕ್ಯದ ಜೋರಿನಲ್ಲಿ ವರ್ಷಗಟ್ಟಲೆ ಬೀಗಿದ್ದೇನೆ.

ಕಳೆದ ಚಳಿಗಾಲ, ತ್ಸುಕುಬಾದ ನಮ್ಮ ಲ್ಯಾಬಿನ ಮೋರಿ-ಸಾನ್ ಆ ನಾಟಕಕಾರನದೇ ಒಂದು ನಾಟಕದ ಜಪಾನಿ ಪ್ರಯೋಗಕ್ಕೆ ನನ್ನನ್ನು ಕರೆದೊಯ್ದರು. ಬಾಸ್ ಒಬ್ಬ ನಗುನಗುತ್ತಲೇ ಜನರನ್ನು ಕೆಲಸದಿಂದ ತೆಗೆಯುವ ಕಥೆ. ಪ್ರೇಕ್ಷಕರು ಕೆಮ್ಮಲೂ ಇಲ್ಲ. ಮುಗಿಯಿತು, ಹಾಳೆ ಬಂತು. ಸುಮ್ಮನಿರುವವಳೇ ನಾನು? ನೋಡಿ, ಯಾರಿಗೂ ಏನೂ ಆಗಲಿಲ್ಲ, ಎಲ್ಲರೂ ಇನ್ನು ಟ್ರೈನ್ ಹಿಡಿಯುತ್ತಾರೆ ಎಂದು ಶುರುಮಾಡಿ ಆ ವಿಳಾಸದ ವಾಕ್ಯವನ್ನೂ ಹರಿಯಬಿಟ್ಟೆ.

ಮೋರಿ-ಸಾನ್ ಬರೆಯುತ್ತಲೇ ಹೇಳಿದರು. ನಗೋಯಾದಲ್ಲಿ ಅವರ ಅಪ್ಪನ ಕಂಪನಿಯವರು ವರ್ಷದ ಕೊನೆಯ ಪಾರ್ಟಿಗೆ ಇದೇ ನಾಟಕ ಆಡಿದ್ದರಂತೆ. ಅಪ್ಪನದು ಬಾಸ್ ಪಾತ್ರ. ತಮ್ಮ ನಿಜವಾದ ಬಾಸಿನ ದನಿ, ನಗು, ಕನ್ನಡಕ ಒರೆಸುವ ಬಗೆ, ಎಲ್ಲವನ್ನೂ ವೇದಿಕೆಗೆ ತಂದುಬಿಟ್ಟರಂತೆ.

"ಎಲ್ಲರಿಗಿಂತ ಹೆಚ್ಚು ಹೊತ್ತು ಚಪ್ಪಾಳೆ ತಟ್ಟಿದ್ದು ಬಾಸೇ," ಎಂದರು ತಮ್ಮ ನಿಧಾನದ ಇಂಗ್ಲಿಷಿನಲ್ಲಿ. "ಏಪ್ರಿಲ್ ವರ್ಗಾವಣೆಯಲ್ಲಿ ಅಪ್ಪನನ್ನು ದೂರದ ಉತ್ತರದ ಹೊಕ್ಕೈಡೋದ ಗೋದಾಮಿಗೆ ಹಾಕಿದರು. ಒಬ್ಬರೇ ಹೋದರು. ನಾನು ಬೆಳೆದದ್ದು ಅವರಿಲ್ಲದೆ."

ನನಗೆ ಎದುರಾಳಿಯ ವಾದ ಒಡೆಯುವುದು ಗೊತ್ತು. ಒಂದು ನಾಟಕಕ್ಕೆ ಅಪ್ಪನನ್ನೇ ತೆತ್ತವರ ಪಕ್ಕದಲ್ಲಿ ಕೂರುವುದು ಗೊತ್ತಿರಲಿಲ್ಲ. ಅಪ್ಪನಿಗೆ ಪಶ್ಚಾತ್ತಾಪವಿದೆಯೇ ಎಂದು ಹೇಗೋ ಕೇಳಿದೆ.

"ಅಮ್ಮನಿಗಿದೆ. ಅಪ್ಪನಿಗೆ, ಈ ನಾಟಕ ಎಲ್ಲೇ ಆಡಲಿ, ನಾನು ನೋಡಿಬಂದು ಹೇಳಬೇಕು: ಬಾಸ್ ಪಾತ್ರದವನು ತನ್ನಷ್ಟು ಚೆನ್ನಾಗಿ ಮಾಡಿದನಾ ಅಂತ."

ಆಮೇಲೆ ಹಾಳೆ ಮಡಚಿ, ನನ್ನ ಮುಖ ನೋಡಿ, ಸುಮಿಮಾಸೆನ್ ಎಂದರು. ಕ್ಷಮೆ ಕೇಳಿದವರು ಅವರು!

ನಿನ್ನೆ ಸ್ನೇಹಾ ಕೈಯಿಂದ ಆ ಪೆನ್ಸಿಲ್ ಕಸಿದುಕೊಂಡೆ. ಮೈಸೂರಿನ ಕಾಲೇಜಿನಿಂದ ಕರೆ ಬಂದಿದೆ: ಆನ್‌ಲೈನ್ ಚರ್ಚೆ, ಅದೇ ವಿಷಯ, ಈ ಸಲ ಯಾವ ಕಡೆ ಬೇಕಾದರೂ ನಿಲ್ಲಿ ಮೇಡಂ ಎಂದಿದ್ದಾರೆ. ವಿರುದ್ಧ ನಿಂತು ಗೆಲ್ಲುವ ಸಾಕ್ಷಿ ಈಗ ನನ್ನಲ್ಲಿದೆ. ಮೋರಿ-ಸಾನ್ ಅಪ್ಪನ ಕಥೆ ಹೇಳಿದರೆ ಸಭೆ ಬಹಳ ಹೊತ್ತು ಚಪ್ಪಾಳೆ ತಟ್ಟುತ್ತದೆ ಎಂಬುದೂ ಗೊತ್ತು. ಅದಕ್ಕೇ ಇನ್ನೂ ಉತ್ತರ ಬರೆದಿಲ್ಲ.