ಗೆರೆಯಕ್ಕ

ಆಫೀಸಿನಲ್ಲಿ ಅವಳನ್ನು ಎಲ್ಲರೂ ಗೆರೆಯಕ್ಕ ಎಂದೇ ಕರೆಯುತ್ತಾರೆ. ಹೊಸಬರು ಅವಳು ಚಿತ್ರ ಬರೆಯುವವಳೇನೋ ಅಂದುಕೊಳ್ಳುತ್ತಾರೆ. ಅವಳಿಗೆ ನೆಟ್ಟಗೆ ಒಂದು ಹೂವು ಬರೆಯಲೂ ಬಾರದು. ವೆಬ್‌ಸೈಟಿನಲ್ಲಿ ಜನ ನೋಡುವ, ಒತ್ತುವ, ತುಂಬುವ ಮುಂಭಾಗವನ್ನು ಕಟ್ಟುವುದು ಅವಳ ಕಸುಬು. ಬಟ್ಟೆ ಅಂಗಡಿಯ ಮಹಡಿಯ ಮೇಲೆ ಎರಡು ಕೋಣೆಯ ಆಫೀಸು. ಕೆಳಗೆ ಹೊಲಿಗೆ ಯಂತ್ರ ಓಡಿದರೆ ಮೇಲೆ ಅವಳ ಲೋಟದ ಟೀಯಲ್ಲಿ ಅಲೆ ಏಳುತ್ತದೆ.

ಆ ಹೆಸರು ಬಂದದ್ದು ಅತ್ತೆಯ ದೆಸೆಯಿಂದ.

ಅತ್ತೆ ಟೈಪಿಂಗ್ ಶಾಲೆ ನಡೆಸಿದವರು. ಊರಿನ ಅರ್ಧ ಗುಮಾಸ್ತರ ಬೆರಳು ತಿದ್ದಿದ್ದು ಅವರೇ. ಪಾರ್ಶ್ವವಾಯು ಬಡಿದು ಬಲಗೈ ಬಿದ್ದುಹೋಗಿತ್ತು, ಗತ್ತು ಮಾತ್ರ ಬಿದ್ದಿರಲಿಲ್ಲ. ಎಡಗೈಗೆ ಮೌಸ್ ಒಗ್ಗಲಿಲ್ಲ. ಕೀಲಿಮಣೆಯನ್ನಾದರೆ ನೋಡದೆಯೇ ಒತ್ತುತ್ತಿದ್ದರು. ಅತ್ತೆ ಸೊಸೆಯರ ನಡುವೆ ಜಗಳವೇನಿರಲಿಲ್ಲ, ಆದರೆ ಮಾತು ಅಷ್ಟಕ್ಕಷ್ಟೇ. ಸಹಾಯಕ್ಕೆ ಹೋದರೆ ಅತ್ತೆಗೆ ಮೂಗಿನ ತುದಿಯಲ್ಲೇ ಕೋಪ. ಹೋಗದಿದ್ದರೆ ಸೊಸೆಗೆ ಒಳಗೊಳಗೇ ಅಳುಕು.

ಅದೇ ಹೊತ್ತಿಗೆ ಆಫೀಸಿಗೆ ಒಂದು ನಾಟಕಮಂದಿರದ ಕೆಲಸ ಬಂತು. ಮನೆಯಲ್ಲೇ ಕೂತು ಸೀಟು ಕಾದಿರಿಸುವ ಪುಟ. ವಿನ್ಯಾಸಗಾರ ಕೆಂಪು ಕುರ್ಚಿಗಳ ಸಾಲನ್ನು, ನೋಡಿದವರ ಕಣ್ಣು ಅಲ್ಲೇ ನಿಲ್ಲುವಂತೆ ಬರೆದುಕೊಟ್ಟ. ಮೌಸ್ ಮುಟ್ಟದೆ ಟ್ಯಾಬ್ ಕೀಲಿ ಒತ್ತಿ ಪುಟದಲ್ಲಿ ಒಂದೊಂದಾಗಿ ಮುಂದೆ ಸಾಗುವಾಗ ‘ಈಗ ಇಲ್ಲಿದ್ದೀರಿ’ ಎಂದು ತೋರಿಸಲು ಬ್ರೌಸರ್ ತಾನಾಗಿ ಎಳೆಯುವ ನೀಲಿ ಗೆರೆಯೊಂದಿದೆ. ಅದು ಅಂದಗೆಡಿಸುತ್ತದೆ ಎಂದು ಅವನು ಮೂಗು ಮುರಿದ. ಅವಳು ಪುಟದ ರೂಪು ತಿದ್ದುವ ಸಿಎಸ್‌ಎಸ್‌ನ ಒಂದೇ ಸಾಲಿನಲ್ಲಿ ಅದನ್ನು ಅಳಿಸಿಬಿಟ್ಟಳು.

ಪುಟ ತೆರೆದ ವಾರವೇ, ಭಾನುವಾರ ಬೆಳಿಗ್ಗೆ, ಅತ್ತೆ ಊಟದ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡು ನಾಟಕಕ್ಕೆ ಸೀಟು ಹಿಡಿಯಲು ಕೂತರು. ಸೊಸೆ ಪಾತ್ರೆ ಒರೆಸುತ್ತ ಓರೆಗಣ್ಣಿನಲ್ಲಿ ನೋಡುತ್ತಿದ್ದಳು. ಅತ್ತೆ ಟ್ಯಾಬ್ ಒತ್ತಿದರು, ಮತ್ತೆ ಒತ್ತಿದರು. ಮುಂದೆ ಹೋದರೋ ಹಿಂದೆ ಬಂದರೋ ಒಂದೂ ಕಾಣದು. ಎಂಟರ್ ಒತ್ತಿದರೆ ಪುಟ ಇನ್ನೆಲ್ಲಿಗೋ ಹಾರಿತು.

“ಎಲ್ಲಿದ್ದೀನಿ ಅಂತಲೇ ಗೊತ್ತಾಗ್ತಿಲ್ಲಮ್ಮ,” ಎಂದರು ಅತ್ತೆ. ದನಿಯಲ್ಲಿ ಸಿಟ್ಟಿರಲಿಲ್ಲ. “ಕೈ ಹೋದ ಹಾಗೆ ಬುದ್ಧಿನೂ ಹೋಯ್ತೇನೋ.”

ಸೊಸೆಯ ಕೈಯ ಬಟ್ಟೆ ಅಲ್ಲೇ ನಿಂತಿತು.

“ನಿಮ್ಮ ಬುದ್ಧಿ ಸರಿಯಾಗೇ ಇದೆ ಅತ್ತೆ. ಆ ಪುಟ ಕಟ್ಟಿದ್ದು ನಾನು. ದಾರಿ ತೋರಿಸೋ ಗೆರೆ ಅಳಿಸಿದ್ದೂ ನಾನೇ.”

ಅತ್ತೆ ಕನ್ನಡಕದ ಮೇಲಿನಿಂದ ಅವಳನ್ನು ನೋಡಿದರು. ಬೈಗುಳಕ್ಕೆ ಅವಳು ತಯಾರಾಗಿಯೇ ನಿಂತಳು. ಅತ್ತೆ ಪಕ್ಕದ ಕುರ್ಚಿ ಎಳೆದರು. “ಹಾಗಾದ್ರೆ ಕೂತ್ಕೊಂಡು ತಿದ್ದು. ನಾನು ಒತ್ತಿ ನೋಡ್ತೀನಿ.”

ಅಂದಿನ ಅಡುಗೆ ಗಂಡನ ಪಾಲಿಗೆ ಬಂತು. ಗೆರೆ ಮರಳಿ ತರುವುದು ಸುಲಭವಾಗಿತ್ತು; ತಕರಾರೆಲ್ಲ ಕುರ್ಚಿಗಳದೇ. ಅವನ್ನು ಅವಳು ಬರಿಯ ಬಣ್ಣದ ಚೌಕಗಳಾಗಿ ಕಟ್ಟಿದ್ದಳು. ಮೌಸಿಗೆ ಅವು ಕುರ್ಚಿ, ಕೀಲಿಮಣೆಗೆ ಗೋಡೆ. ವೆಬ್‌ನ ನಿಯಮದಲ್ಲಿ ಒತ್ತುವ ಗುಂಡಿಗೆ ಗುಂಡಿಯೆಂದೇ ಹೆಸರಿದೆ. ಆ ಹೆಸರಿಟ್ಟರೆ ಕೀಲಿಯೂ ಗುರುತಿಸುತ್ತದೆ, ಕಣ್ಣಿಲ್ಲದವರಿಗೆ ಪುಟ ಓದಿ ಹೇಳುವ ತಂತ್ರಾಂಶವೂ ಗುರುತಿಸುತ್ತದೆ. ಚೌಕಗಳನ್ನೆಲ್ಲ ಗುಂಡಿ ಮಾಡಿದಳು. ಒಂದೊಂದೇ ಕುರ್ಚಿ ದಾಟಿ ಅತ್ತೆಗೆ ಸಾಕಾಯಿತು. ಮಂದಿರದ ತುಂಬ ನನ್ನ ಮೆರವಣಿಗೆ ಮಾಡಿಸುತ್ತೀಯಾ ಎಂದು ಕೇಳಿದರು. ಬಾಣದ ಕೀಲಿ ಒತ್ತಿದರೆ ಸಾಲಿನಿಂದ ಸಾಲಿಗೆ ಜಿಗಿಯುವಂತೆ ಜಾವಾಸ್ಕ್ರಿಪ್ಟ್ ಬರೆದಳು. ತಪ್ಪಿದಾಗಲೆಲ್ಲ ಅತ್ತೆ ಹಳೆಯ ಮೇಡಮ್ಮಿನ ದನಿಯಲ್ಲಿ “ಮತ್ತೆ” ಎನ್ನುತ್ತಿದ್ದರು. ಅವರಿಬ್ಬರೂ ಅಷ್ಟು ಹೊತ್ತು ಒಟ್ಟಿಗೆ ಕೂತದ್ದು ಅದೇ ಮೊದಲು.

ಮರುದಿನ ವಿನ್ಯಾಸಗಾರ ಗೆರೆ ಕಂಡು ಮುಖ ಗಂಟಿಕ್ಕಿದ. ಅವಳು ವಾದಕ್ಕಿಳಿಯಲಿಲ್ಲ. ಅವನ ಮೌಸನ್ನು ತನ್ನ ಡ್ರಾಯರಿನಲ್ಲಿಟ್ಟು, ಹಳೆಯ ಪುಟದಲ್ಲೇ ಒಂದು ಸೀಟು ಹಿಡಿಯಲು ಹೇಳಿದಳು. ಅವನು ಸ್ವಲ್ಪ ಹೊತ್ತು ತಡಕಾಡಿ ನಕ್ಕುಬಿಟ್ಟ. ಆಮೇಲೆ, ಕೆಂಪಿನ ಮೇಲೆ ನೀಲಿ ಎದ್ದು ಕಾಣುವುದಿಲ್ಲವೆಂದು, ಕಪ್ಪು ಗೆರೆಗೆ ಬಿಳಿಯ ಅಂಚು ಕೊಟ್ಟವನು ಅವನೇ. ಅಂದಿನಿಂದ ಅವಳು ಯಾವ ಪುಟ ಕಂಡರೂ ಮೊದಲು ಗೆರೆ ಎಲ್ಲಿ ಎಂದು ಕೇಳುವುದು ರೂಢಿಯಾಯಿತು. ಅಡ್ಡಹೆಸರಿಟ್ಟವನೂ ಅವನೇ.

ಹೊಸ ಪುಟ ಬಂದ ಮೇಲೆ ಅತ್ತೆ ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬರೇ ಕೂತು ಸೀಟು ಹಿಡಿದರು. ಮೂರು ಸೀಟು ಎಂದು ಕೇಳಿ ಸೊಸೆ ಹಿಗ್ಗಿದಳು.

“ನಿಮಗಲ್ಲ,” ಎಂದರು ಅತ್ತೆ. “ನನಗೆ, ನಮ್ಮ ಶಾಲೆಯ ಗೆಳತಿಯರಿಬ್ಬರಿಗೆ. ನಿಮಗೆ ಬೇಕಿದ್ರೆ ನೀವೇ ಹಿಡ್ಕೊಳ್ಳಿ. ಪುಟ ಚೆನ್ನಾಗೇ ಕಟ್ಟಿದ್ದಾರೆ.”

ಗಂಡ ಹೆಂಡತಿಗೆ ಕೊನೆಯ ಸಾಲಿನಲ್ಲಷ್ಟೇ ಜಾಗ ಸಿಕ್ಕಿತು.