ಉಡಿಗೆ ಬಿದ್ದ ನವಣೆ

ಬಾಗಲಕೋಟೆಯ ದವಾಖಾನೆಯಲ್ಲಿ ಎಡಗಡೆಯ ಮೊಲೆಯನ್ನು ಬಿಟ್ಟು ನಾನು ಇಳಕಲ್ಲಿನ ಮನೆಗೆ ಬಂದಾಗ, ಮಾತಾಡಿಸಲು ಬಂದ ಹೆಂಗಸರೆಲ್ಲ ಉಡಿ ತುಂಬಿದರು. ಉಡಿ ಎಂದಮೇಲೆ ಅಕ್ಕಿ, ಕೊಬ್ಬರಿ, ಉತ್ತತ್ತಿ, ಮೇಲೊಂದು ಗುಳೇದಗುಡ್ಡದ ಖಣ. ರೂಢಿ ಬಿದ್ದ ಕೈ ಯೋಚನೆ ಮಾಡುವುದಿಲ್ಲ. ಕೊಟ್ಟಮೇಲೆ ಅದು ಕುಬಸದ ಬಟ್ಟೆ ಎಂದು ಹೊಳೆದು, ಮುಖ ಸಣ್ಣದು ಮಾಡಿಕೊಂಡು ಮಳೆಯ ಸುದ್ದಿ ತೆಗೆಯುತ್ತಿದ್ದರು.

"ಚಿಂತಿ ಮಾಡಬ್ಯಾಡ್ರಿ, ಇನ್ನ ನನಗ ಅರ್ಧ ಖಣದಾಗ ಕೆಲಸ ಮುಗೀತದ" ಅಂದೆ. ಒಬ್ಬಳೂ ನಗಲಿಲ್ಲ. ಇಂಥ ಒಳ್ಳೆಯ ಮಾತು ಹಾಳಾಯಿತಲ್ಲ ಎಂದು ನನಗೆ ಸಿಟ್ಟು ಬಂತು.

ಬಾಯಿ ಇಷ್ಟು ಜೋರು, ಎದೆ ಮಾತ್ರ ಪುಕ್ಕಲು. ಸೆರಗನ್ನು ಎರಡೂ ಹೆಗಲಿಗೆ ಹೊದ್ದುಕೊಂಡು ಒಳಮನೆ ಸೇರಿದವಳು ಹೊಸ್ತಿಲು ದಾಟಲಿಲ್ಲ. ಅಷ್ಟರಲ್ಲಿ ಬಾದಾಮಿಯಲ್ಲಿರುವ ನನ್ನ ತಂಗಿಯ ಮಗಳ ಕುಬಸದ ದಿನ ಗೊತ್ತಾಯಿತು. ಬಸುರಿಗೆ ಹಸಿರು ಸೀರೆ ಉಡಿಸಿ, ಹೊಸ ಕುಬಸ ತೊಡಿಸಿ, ಹೆಂಗಸರೆಲ್ಲ ಉಡಿ ತುಂಬುವ ಶಾಸ್ತ್ರ ಅದು. ಎತ್ತಿ ಆಡಿಸಿದ ಹುಡುಗಿ. ಆದರೂ ಬರಲಾರೆ ಎಂದೆ. ಅಲ್ಲಿ ನನ್ನನ್ನು ನೋಡುವ ಕಣ್ಣುಗಳಿಗೆ ನಾನು ಆಪರೇಷನ್ನಿಗಿಂತ ಹೆಚ್ಚು ಹೆದರಿದ್ದೆ.

ಅತ್ತೆ ಬಿಡಬೇಕಲ್ಲ! ಮನೆಗೆ ಕಳಿಸುವಾಗ ನರ್ಸ್ ಹೇಳಿದ್ದನ್ನು ಅವರು ಮರೆತಿರಲಿಲ್ಲ. ಗಾಯ ಪೂರ್ತಿ ಮಾಗಿದ ಮೇಲೆ ಕುಬಸದೊಳಗೆ ಸಮತೂಕದ್ದೊಂದು ಮೆತ್ತೆ ಇಟ್ಟುಕೊಳ್ಳಬೇಕು, ಇಲ್ಲದಿದ್ದರೆ ಹೆಗಲು ಜೋಲುತ್ತದೆ ಎಂದಿದ್ದಳು. ಗಾಯ ಮಾಗಿತ್ತು. ಪಕ್ಕದ ಮನೆಯ ಹೊಲಿಗೆಯವಳನ್ನು ಕರೆದು ಕೂರಿಸಿಯೇಬಿಟ್ಟರು.

ಮೊದಲು ಅರಳೆ ತುಂಬಿದರು. ಮಧ್ಯಾಹ್ನದೊಳಗೆ ಅದು ಕೊರಳ ಹತ್ತಿರ ಏರಿತು. "ಇದೇನವ್ವಾ, ತನ್ನ ಮನ್ಯಾಗ ನಿಂದ್ರವಲ್ದು" ಎಂದು ಅತ್ತೆ ಗದರಿದರು. ಜೋಳ ತುಂಬಿದರೆ ನಾನು ಎಡಕ್ಕೆ ವಾಲಿದೆ. ಅಕ್ಕಿ ಚುಚ್ಚಿತು. ಕಡೆಗೆ ಮೆತ್ತಗಿನ ಚೀಲದಲ್ಲಿ ನವಣೆ ಎಂದು ತೀರ್ಮಾನವಾಯಿತು. ಎಷ್ಟು ನವಣೆ ಎಂಬುದಕ್ಕೆ ಇಬ್ಬರಿಗೂ ಜಗಳ. ಚಹಾ ಕೇಳಲು ಒಳಗೆ ಬಂದ ನನ್ನ ಗಂಡ, "ಏನ್ ಅಳತಿ ಮಾಡಾಕತ್ತೀರಿ?" ಎಂದರು.

"ನಿನಗ ಸಂಬಂಧಿಲ್ಲ, ಹೊರಗ ಹೋಗು" ಎಂದರು ಅತ್ತೆ.

ಸಂಬಂಧ ಇಲ್ಲದೆ ಏನು, ಎಂದು ನಾನೂ ಹೊಲಿಗೆಯವಳೂ ಮುಖ ಮುಖ ನೋಡಿಕೊಂಡು ಹೊಟ್ಟೆ ಹಿಡಿದುಕೊಂಡು ನಕ್ಕೆವು. ದವಾಖಾನೆಯಿಂದ ಬಂದಮೇಲೆ ಹಾಗೆ ನಕ್ಕಿದ್ದು ಅದೇ ಮೊದಲು.

ಬಾದಾಮಿಗೆ ಹೋಗುವಾಗ ಅಮೀನಗಡದಲ್ಲಿ ಅತ್ತೆ ಕರದಂಟು ತರಲು ಇಳಿದರು. ಬಸ್ಸಿನ ಗಾಜಿನಲ್ಲಿ ನನ್ನನ್ನು ನೋಡಿಕೊಂಡೆ. ಎರಡೂ ಕಡೆ ಸಮ. ಧೈರ್ಯ ಮಾಡಿ ಸೆರಗನ್ನು ಒಂದೇ ಹೆಗಲಿಗೆ ಇಳಿಸಿದೆ.

ಕುಬಸದ ಮನೆಯಲ್ಲಿ ನನ್ನ ಸರದಿ ಬಂತು. ಬೊಗಸೆಯಲ್ಲಿ ಅಕ್ಕಿ ಹಿಡಿದು ಹುಡುಗಿಯ ಮುಂದೆ ಬಗ್ಗಿದೆ. ಒಳಗೆಲ್ಲೋ ದಾರ ಪಟ್ಟೆಂದಿತು. ಕುಬಸದ ಅಂಚಿನಿಂದ ನವಣೆ ಸುರ್ರೆಂದು ಜಾರಿ ಅವಳ ಉಡಿಯ ಅಕ್ಕಿಯ ಮೇಲೆ ಹಳದಿಯಾಗಿ ಬಿತ್ತು. ಹಾಡು ನಿಂತಿತು. ಯಾವ ಕಣ್ಣುಗಳಿಗೆ ಹೆದರಿದ್ದೆನೋ ಅವೆಲ್ಲ ಈಗ ನನ್ನ ಮೇಲೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನವಣೆ ಬಳಿಯಲು ಹೋದೆ.

ಹುಡುಗಿ ಉಡಿಯನ್ನು ಗಪ್ಪನೆ ಮುಚ್ಚಿ ಹಿಡಿದಳು. "ಕೈ ತಗೀ ದೊಡ್ಡವ್ವ. ಉಡ್ಯಾಗ ಬಿದ್ದದ್ದನ್ನ ಯಾರರ ತಿರುಗಿ ಕೊಡ್ತಾರೇನು?"

"ಖರೆ ಅದ" ಎಂದಳೊಬ್ಬ ಮುದುಕಿ.

ನನ್ನ ಅತ್ತೆ ಹಿಂದಿನಿಂದ, "ಒಳಗ ಉಳದಿದ್ರ ಅದನ್ನೂ ಹಾಕವ್ವಾ. ಉಡಿ ಅರ್ಧಂಬರ್ಧ ತುಂಬಬಾರದು" ಎಂದರು.

ನಗು, ಅಳು ಎರಡೂ ಒಟ್ಟಿಗೇ ಬಂದವು. ಎಲ್ಲರೆದುರಿಗೇ ಚೀಲ ಹೊರಗೆ ತೆಗೆದು ಕೊನೆಯ ಕಾಳಿನ ತನಕ ಅವಳ ಉಡಿಗೆ ಕೊಡವಿದೆ. ಆಮೇಲೆ ಸೆರಗು ಒಂದೇ ಹೆಗಲ ಮೇಲಿದ್ದಂತೆಯೇ ಪಂಕ್ತಿಯಲ್ಲಿ ಕೂತು ಹೋಳಿಗೆ ಎರಡನೆಯ ಸಲ ಹಾಕಿಸಿಕೊಂಡೆ.

ತಿರುಗಿ ಬರುವಾಗ ಬಸ್ಸಿನಲ್ಲಿ ಅತ್ತೆ, "ನಾಳಿ ಬಜಾರಕ್ಕ ಹೋಗಿ ನವಣಿ ತರ್ತೇನಿ. ಈ ಸಲ ಎರಡು ಹೊಲಿಗಿ ಹಾಕಸೋಣು" ಎಂದರು.

"ನೀವ್ಯಾಕ್ರೀ ಅತ್ತಿ, ನಾ ಹೋಗ್ತೇನಿ" ಅಂದೆ.

ಮರುದಿನ ಬೆಳಿಗ್ಗೆ ಹೋದೆ, ಎಡಗಡೆ ಚಪ್ಪಟೆಯಾಗಿದ್ದ ಹಾಗೆಯೇ.